ಬಹುಪಾಲು ಖನಿಜವೇ ಆಗಿದ್ದರೂ ಮೂಳೆ ಸೀಮೆಸುಣ್ಣದ ಹಾಗೆ ಪಟ್ಟನೆ ಮುರಿಯುವುದಿಲ್ಲ, ಏಕೆ?

ಮೂಳೆಯೊಳಗೆ ಬಿರುಕಿಗೆ ನೆಟ್ಟಗೆ ಸಾಗಲು ದಾರಿ ಸಿಗುವುದಿಲ್ಲ, ಅದಕ್ಕೇ.

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಖನಿಜ. ಉಳಿದದ್ದು ಮುಖ್ಯವಾಗಿ ನೀರು ಮತ್ತು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು. ಕೋಳಿಯ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಹಾಕಿ ನೋಡಿ: ಖನಿಜ ಕರಗಿ ಹೋಗಿ, ಉಳಿದ ಕೊಲಾಜೆನ್ ರಬ್ಬರಿನಂತೆ ಬಳುಕುತ್ತದೆ.

ಆದರೆ ನಿಜವಾದ ಗುಟ್ಟು ಜೋಡಣೆಯಲ್ಲಿದೆ. ತೊಡೆಮೂಳೆಯ ಗಟ್ಟಿ ಭಾಗದಲ್ಲಿ ಸುಮಾರು 0.2 ಮಿಲಿಮೀಟರ್, ಅಂದರೆ ಎರಡು-ಮೂರು ಕೂದಲಿನಷ್ಟು ದಪ್ಪದ ಕೊಳವೆಗಳು ಉದ್ದಕ್ಕೂ ಒತ್ತಾಗಿ ನಿಂತಿವೆ. ಒಂದೊಂದರ ಸುತ್ತಲೂ ಒಂದು ದುರ್ಬಲ ಗಡಿ. ಅಡ್ಡಕ್ಕೆ ನುಗ್ಗಿದ ಬಿರುಕು ಈ ಗಡಿಗೆ ತಾಗಿದೊಡನೆ ಪಕ್ಕಕ್ಕೆ ಹೊರಳುತ್ತದೆ, ಹಸಿ ಬಿದಿರನ್ನು ಮುರಿಯಹೋದರೆ ಅದು ಉದ್ದಕ್ಕೆ ಸೀಳಿಕೊಳ್ಳುವ ಹಾಗೆ. ಪ್ರತಿ ತಿರುವಿನಲ್ಲೂ ಬಿರುಕಿನ ಶಕ್ತಿ ಖರ್ಚಾಗುತ್ತದೆ. ದುರ್ಬಲ ಗಡಿಯೇ ಮೂಳೆಯನ್ನು ಕಾಯುತ್ತದೆ ಎಂಬುದು ನನಗೆ ಈಗಲೂ ಬೆರಗು. ಅಮೆರಿಕದ ಬರ್ಕ್ಲಿಯ ವಸ್ತುವಿಜ್ಞಾನಿ ರಾಬರ್ಟ್ ರಿಚಿ ಮತ್ತು ಸಂಗಡಿಗರು ಮನುಷ್ಯರ ಮೂಳೆಯಲ್ಲಿ ಇದನ್ನು ಅಳೆದು ತೋರಿಸಿದ್ದಾರೆ: ಉದ್ದಕ್ಕೆ ಸೀಳುವುದಕ್ಕಿಂತ ಅಡ್ಡಕ್ಕೆ ಮುರಿಯುವುದು ಬಹಳ ಕಷ್ಟ.

ವಯಸ್ಸಾದಂತೆ ಕೊಲಾಜೆನ್ ಎಳೆಗಳ ನಡುವೆ ಬೇಡದ ಕೊಂಡಿಗಳು ಬೆಳೆದು ಅದು ಪೆಡಸಾಗುತ್ತದೆ. ಹಿರಿಯರ ಮೂಳೆ ಬೇಗ ಮುರಿಯಲು ಇದೂ ಒಂದು ಕಾರಣ.