ಎಂಎ ಸಮಾಜಶಾಸ್ತ್ರವೋ, ಎಂಎಸ್‌ಡಬ್ಲ್ಯೂವೋ?

ಮಂಡ್ಯದಲ್ಲಿ ಬಿಎ ಮುಗಿಸಿದ್ದೀರಿ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಮಾಜಶಾಸ್ತ್ರ ಓದಲೇ, ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂ ಓದಲೇ ಎಂದು ಕೇಳಿದ್ದೀರಿ. ಎರಡೂ ಎರಡು ವರ್ಷಗಳ ಕೋರ್ಸುಗಳೇ. ಸಮಾಜಶಾಸ್ತ್ರ ‘ಹೀಗೇಕಾಯಿತು’ ಎಂದು ಕೇಳುತ್ತದೆ. ಸಮಾಜಕಾರ್ಯ ‘ಈ ಮನೆಗೆ ಈಗ ಏನು ಮಾಡೋಣ’ ಎನ್ನುತ್ತದೆ.

ಎಂಎಸ್‌ಡಬ್ಲ್ಯೂನ ಜೀವಾಳ ಕ್ಷೇತ್ರಕಾರ್ಯ. ತರಗತಿಯ ಜೊತೆಜೊತೆಗೇ ಆಸ್ಪತ್ರೆ, ಕೊಳೆಗೇರಿ, ಹಳ್ಳಿಗಳಿಗೆ ಹೋಗಿ ಭೇಟಿಯ ವರದಿ ಬರೆಯಬೇಕು. ಸಾಲದಲ್ಲಿದ್ದ ಕಬ್ಬು ಬೆಳೆಗಾರರೊಬ್ಬರ ಮನೆಗೆ ನಾನು ಮೊದಲು ಹೋದಾಗ ಕೂತ ಕೂಡಲೇ ಸಲಹೆ ಕೊಡತೊಡಗಿದೆ. ಮನೆಯಾಕೆ ಮಾತಿಲ್ಲದೆ ಎದ್ದು ಒಳಗೆ ಹೋದರು. ಆ ಮೌನ ಇಂದಿಗೂ ನನ್ನನ್ನು ಕಾಡುತ್ತದೆ. ಮುಂದಿನ ಭೇಟಿಯಲ್ಲಿ ಒಂದು ಗಂಟೆ ಬರೀ ಕೇಳಿಸಿಕೊಂಡೆ. ಒಬ್ಬೊಬ್ಬರ, ಒಂದೊಂದು ಮನೆಯ ಕಷ್ಟಕ್ಕೆ ಜೊತೆಯಾಗುವ ‘ವೈಯಕ್ತಿಕ ಸಮಾಜಕಾರ್ಯ’ದ ಪಾಠ ನನಗೆ ಅರ್ಥವಾದದ್ದು ಆ ಜಗಲಿಯಲ್ಲಿ.

ಉದ್ಯೋಗದ ಮಾತು: ಅಧ್ಯಾಪನ, ಸಂಶೋಧನೆ ಇಷ್ಟವಿದ್ದರೆ ಸಮಾಜಶಾಸ್ತ್ರ ಓದಿ ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯಿರಿ. ಕಾರ್ಖಾನೆಗಳ ಕಲ್ಯಾಣಾಧಿಕಾರಿ ಹುದ್ದೆಗೆ ಎಂಎಸ್‌ಡಬ್ಲ್ಯೂ ನೆರವಾಗುತ್ತದೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಆ ಹುದ್ದೆ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆ ವಿಧಿಸಿತ್ತು. ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಗಳಲ್ಲಿ ದುಡಿಯುವ ಸಂಸ್ಥೆಗಳಿಗೂ ಎಂಎಸ್‌ಡಬ್ಲ್ಯೂ ಓದಿದವರು ಬೇಕು.

ಅರ್ಜಿ ಹಾಕುವ ಮೊದಲು ನಿಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆ ಒಂದು ದಿನ ಮನೆಮನೆ ಸುತ್ತಿ ಬನ್ನಿ. ಸಂಜೆ ಮತ್ತೆ ಹೋಗಬೇಕೆನಿಸಿದರೆ ಎಂಎಸ್‌ಡಬ್ಲ್ಯೂಗೇ ಸೇರಿ.