ಶಾಮಿಯಾನ ಬೇಡ, ಚಾಪೆ ಸಾಕು

ಪ್ರಶ್ನೆ: ನಮ್ಮೂರಿನ ಯುವಕರ ಗುಂಪು ಮಕ್ಕಳಿಗಾಗಿ ಓದಿನ ಹಬ್ಬ ಮಾಡಿತು. ಶಾಮಿಯಾನ, ಹಾರ, ಭಾಷಣ ಎಲ್ಲ ಇತ್ತು. ಅರ್ಧ ಗಂಟೆಗೇ ಮಕ್ಕಳು ಓಡಿಹೋದವು. ಎಲ್ಲಿ ಎಡವಿದೆವು?
– ಒಬ್ಬ ಓದುಗ, ಹಾವೇರಿ ಜಿಲ್ಲೆ

ಉತ್ತರ: ಮಕ್ಕಳೇನು, ನಾನಿದ್ದರೂ ಓಡುತ್ತಿದ್ದೆ! ನಮ್ಮ ಗುಂಪೂ ಮೊದಲ ವರ್ಷ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ, ‘ಮುಟ್ಟಬೇಡಿ’ ಎಂದು ಕಾವಲು ಬೇರೆ ಕೂರಿಸಿತ್ತು. ಮರುವರ್ಷ ಸೆಪ್ಟೆಂಬರ್ 8ಕ್ಕೆ, ಸಾಕ್ಷರತಾ ದಿನದಂದು, ಅರಳಿಕಟ್ಟೆಯಲ್ಲಿ ಎರಡು ಚಾಪೆ ಹಾಸಿ ಒಂದೇ ಒಂದು ಕಥೆ ಓದಿದೆವು. ಪುಟ ತಿರುಗಿಸುವ ಮುನ್ನ ‘ಮುಂದೇನಾಯ್ತು ಹೇಳ್ರೋ’ ಎಂದದ್ದೇ ತಡ, ಪುಟಾಣಿಯೊಬ್ಬ ಪುಸ್ತಕವನ್ನೇ ಕಿತ್ತುಕೊಂಡ. ಅವನ ಬೆಲ್ಲದ ಬೆರಳಿನ ಗುರುತು ರಟ್ಟಿನ ಮೇಲೆ ಇನ್ನೂ ಇದೆ.

ದುಡ್ಡಿಲ್ಲ ಅನ್ನಬೇಡಿ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ, ಮುದ್ರಿಸಿಕೊಳ್ಳಲೂಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯದವರನ್ನೂ ಕರೆಯಿರಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ತಂದಿದೆ. ಹದಿನೈದು ಮಕ್ಕಳಿಗೆ ಓದಿ ಹೇಳುವವರು ಒಬ್ಬರಿದ್ದರಾಯಿತು. ಅಧ್ಯಕ್ಷರಿಗೆ ಹಾರ ಹಾಕಲೇಬೇಕೆ? ಹಾಕಿ, ಆದರೆ ಭಾಷಣದ ಬದಲು ಅವರಿಂದಲೇ ಒಂದು ಕಥೆ ಓದಿಸಿ.