ಸೌರಮಾರುತದ ನಿಮ್ಮ ಲೇಖನ: ಮೊದಲ ಎರಡು ಪುಟ ತೆಗೆದುಬಿಡಿ

ನಮಸ್ಕಾರ. ಸೌರಮಾರುತದ ಬಗ್ಗೆ, ಅಂದರೆ ಸೂರ್ಯನಿಂದ ಬೀಸಿ ಬರುವ ವಿದ್ಯುತ್ಕಣಗಳ ಹರಿವಿನ ಬಗ್ಗೆ, ನೀವು ಕಳಿಸಿದ ‘ಸೂರ್ಯನ ಕೋಪ’ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೊಂದು ಒಳ್ಳೆಯ ಲೇಖನ ಇದೆ.

ಅನಂತ ವಿಶ್ವ, ಮನುಷ್ಯನ ಅಲ್ಪತನ ಅಂತೆಲ್ಲ ಇರುವ ಮೊದಲ ಎರಡು ಪುಟ ಬೇಡ. ಲೇಖನ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. 2022ರ ಫೆಬ್ರವರಿಯಲ್ಲಿ ಹಾರಿಸಿದ ಇಂಟರ್ನೆಟ್ ಒದಗಿಸುವ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 40ರ ಹತ್ತಿರ ಕಳೆದುಹೋದ ಕಥೆ ಅಲ್ಲಿದೆ, ಅದನ್ನೇ ಮೊದಲಿಗೆ ತನ್ನಿ. ಆದರೆ ‘ಸೌರ ಬಿರುಗಾಳಿಯ ಬಿಸಿಗೆ ಸುಟ್ಟುಹೋದವು’ ಅಂತ ಬರೆದಿದ್ದೀರಿ, ಅದು ತಪ್ಪು. ಬಿಸಿಯಾಗಿದ್ದು ಮೇಲಿನ ವಾತಾವರಣ. ಅದು ಉಬ್ಬಿ ಮೇಲೆ ಬಂತು, 210 ಕಿ.ಮೀ. ಎತ್ತರದಲ್ಲಿ ಗಾಳಿ ದಟ್ಟವಾಯಿತು, ಉಪಗ್ರಹಗಳಿಗೆ ಗಾಳಿಯ ತಡೆ ಜಾಸ್ತಿಯಾಯಿತು. ತಡೆ ಕಡಿಮೆಯಾಗಲಿ ಅಂತ ಕಾಗದದ ಹಾಳೆಯ ಅಂಚು ಮುಂದೆ ಮಾಡಿದ ಹಾಗೆ ತಿರುಗಿಸಿ ಹಾರಿಸಿದರು, ಆದರೂ ಹೆಚ್ಚಿನವು ಮೇಲೇರಲಾಗದೆ ಕೆಳಗಿಳಿದು ಉರಿದುಹೋದವು. ಅದೇನು ಭಾರೀ ಬಿರುಗಾಳಿಯೂ ಅಲ್ಲ, ಸಣ್ಣದು! ಎದೆ ಝಲ್ಲೆನ್ನಿಸುವ ಆ ಮಾತನ್ನೇ ನೀವು ಬಿಟ್ಟಿದ್ದೀರಿ.

‘ಸ್ಫೋಟವಾದ ಎಂಟೇ ನಿಮಿಷಕ್ಕೆ’ ಅನ್ನುವುದೂ ಸರಿಯಲ್ಲ. ಭೂಮಿ ಮುಟ್ಟಲು ಎಂಟು ನಿಮಿಷ ಸಾಕಾಗುವುದು ಬೆಳಕಿಗೆ. ಸೂರ್ಯ ಉಗುಳಿದ ಪ್ಲಾಸ್ಮಾ (ವಿದ್ಯುತ್ಕಣಗಳ ಬಿಸಿ ಅನಿಲ) ಮೋಡಕ್ಕೆ ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. 1859ರ ಭಾರೀ ಸೌರ ಬಿರುಗಾಳಿಯ ಮೋಡ 18 ಗಂಟೆಯೊಳಗೆ ಬಂದಿತ್ತು, ಅದು ತೀರಾ ಅಪರೂಪ.

ಈಗ ಮುಖ್ಯವಾದದ್ದು. ‘ಭೂಮಿಯ ಕಾಂತಕ್ಷೇತ್ರವೆಂಬ ಗುರಾಣಿ ಒಡೆಯುತ್ತದೆ’ ಅಂತ ಐದು ಕಡೆ ಬರೆದಿದ್ದೀರಿ. ಹೇಗೆ ಒಡೆಯುತ್ತದೆ? ಒಂದು ಕಡೆಯೂ ಹೇಳಿಲ್ಲ. ಸೌರಮಾರುತವೂ ಅದರ ಜೊತೆ ಬರುವ ಪ್ಲಾಸ್ಮಾ ಮೋಡವೂ ತಮ್ಮದೇ ಕಾಂತಕ್ಷೇತ್ರವನ್ನು ಹೊತ್ತು ತರುತ್ತವೆ. ಆ ಕ್ಷೇತ್ರ ಉತ್ತರಕ್ಕೆ ಮುಖ ಮಾಡಿದ್ದರೆ ಬಹುಪಾಲು ಪಕ್ಕದಿಂದ ಜಾರಿಹೋಗುತ್ತದೆ. ದಕ್ಷಿಣಕ್ಕಿದ್ದರೆ ಭೂಮಿಯ ಬಲರೇಖೆಗಳಿಗೆ ವಿರುದ್ಧವಾಗಿ ನಿಂತು ಅವುಗಳ ಜೊತೆ ಬೆಸೆದುಕೊಳ್ಳುತ್ತದೆ, ಸೌರಮಾರುತದ ಶಕ್ತಿ ಒಳಗೆ ನುಗ್ಗುವುದು ಆಗಲೇ. ಒಂದೇ ವೇಗದ ಎರಡು ಮೋಡಗಳಲ್ಲಿ ಒಂದು ಸುಮ್ನೆ ದಾಟಿಹೋಗುತ್ತದೆ, ಇನ್ನೊಂದು ರಾತ್ರಿಯ ಆಕಾಶವನ್ನೇ ಕೆಂಪು ಮಾಡುತ್ತದೆ. ಇದರಲ್ಲೇ ಕುತೂಹಲ ಇರುವುದು ಅಲ್ವಾ? ಮೋಡ ಹೊರಟಿದ್ದು ಕಾಣುತ್ತದೆ, ಆದರೆ ಅದರ ಕಾಂತಕ್ಷೇತ್ರದ ದಿಕ್ಕು ಖಚಿತವಾಗಿ ಗೊತ್ತಾಗುವುದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಕಾವಲಿರುವ ನೌಕೆಗಳನ್ನು ಅದು ಮುಟ್ಟಿದಾಗ. ಆಮೇಲೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆ. ಆ ಒಂದು ಗಂಟೆಯನ್ನು ಬರೆಯಿರಿ.

‘ಆಕಾಶ ಓಕುಳಿಯಾಡಿತು’ ಸಾಲು ಚೆಂದ ಇದೆ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಧ್ರುವಪ್ರಭೆಯ, ಅಂದರೆ ಧ್ರುವಗಳ ಕಡೆ ರಾತ್ರಿಯ ಆಕಾಶದಲ್ಲಿ ಮೂಡುವ ಬೆಳಕಿನ, ಆ ಹಸಿರೂ ಕೆಂಪೂ ಆಮ್ಲಜನಕದ್ದೇ. ಹಸಿರು ಬೆಳಕು ಬಿಡಲು ಪರಮಾಣುವಿಗೆ ಒಂದು ಸೆಕೆಂಡೂ ಬೇಡ, ಕೆಂಪಿಗೆ ಎರಡು ನಿಮಿಷದ ಹತ್ತಿರ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಬೇರೆ ಕಣ ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಬಿಡುತ್ತದೆ. ಅದಕ್ಕೇ ಕೆಂಪು 200 ಕಿ.ಮೀ.ಗಿಂತ ಮೇಲೆ.

ಕೊನೆಯ ‘ಜಗತ್ತೇ ಕತ್ತಲಾದೀತು’ ತೆಗೆದು, 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಸೌರ ಬಿರುಗಾಳಿಯಿಂದ ಆದದ್ದನ್ನು ಹಾಕಿ. ಕಾಂತಕ್ಷೇತ್ರ ಅಲುಗಾಡಿ ನೆಲದಲ್ಲಿ ವಿದ್ಯುತ್ ಹರಿದು ಉದ್ದದ ತಂತಿಗಳನ್ನು ಹೊಕ್ಕಿತು, ಒಂದೂವರೆ ನಿಮಿಷದಲ್ಲಿ ಇಡೀ ಜಾಲ ಕುಸಿಯಿತು, 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟಿಲ್ಲ. ಇಷ್ಟು ಸಾಕು.

1741ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಧ್ರುವಪ್ರಭೆ ಮೂಡಿದಾಗ ದಿಕ್ಸೂಚಿಯ ಮುಳ್ಳು ಅಲುಗಿದ್ದನ್ನು ಖಗೋಳಜ್ಞ ಹಿಯೋರ್ಟರ್ ಕಂಡ ಪ್ಯಾರಾ ಇದೆಯಲ್ಲ, ಅದು ನನಗೆ ತುಂಬ ಹಿಡಿಸಿತು. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ. ಉಳಿದದ್ದನ್ನು ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.